ಗಾಲಿಮನೆಯ ಕೆಂಪು ಚಾವಿ

ಚಾವಿ ತಿರುವಿದ್ದರೆ ಬ್ಯಾಟರಿ ಸಾಯಬಾರದು. ಬ್ಯಾಟರಿ ಸತ್ತಿದೆ ಎಂದರೆ ಚಾವಿ ತಿರುವಿಲ್ಲ. ನಲವತ್ತು ವರ್ಷ ತಾಮ್ರದ ತಂತಿ, ಸುಟ್ಟ ಮೋಟರುಗಳ ನಡುವೆ ಬದುಕಿದ ನನಗೆ ಈ ತರ್ಕ ಸಾಕಾಗಿತ್ತು. ಇದನ್ನೇ ಹಿಡಿದುಕೊಂಡು ಮೂರು ತಿಂಗಳು ನನ್ನ ಹೆಂಡತಿಯ ತಲೆ ಕೆಡಿಸಿದೆ. ಕೊನೆಕೊನೆಗೆ ನನ್ನದೂ ಕೆಟ್ಟಿತು.

ಶಹಾಪುರದಲ್ಲಿ ನನ್ನದು ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತುವ ಅಂಗಡಿ. ಬಿಡುವಾದಾಗ ಮನೆಗಳಿಗೆ, ಬಜಾರಿನ ಅಂಗಡಿಗಳಿಗೆ ವೈರಿಂಗನ್ನೂ ಮಾಡಿಕೊಟ್ಟಿದ್ದೇನೆ. ಈಗ ಅಂಗಡಿಯನ್ನು ಹೆಚ್ಚಾಗಿ ಮಗ ನೋಡಿಕೊಳ್ಳುತ್ತಾನೆ. ಎರಡು ವರ್ಷದ ಹಿಂದೆ ನನ್ನಾಕೆಗೆ ಲಕ್ವಾ ಹೊಡೆಯಿತು. ಎಡಗೈ, ಎಡಗಾಲು ಸೊರಗಿದವು. ಮಾತು, ನೆನಪು, ನನ್ನೊಡನೆ ಜಗಳವಾಡುವ ಶಕ್ತಿ ಇವೆಲ್ಲ ಮೊದಲಿನಂತೆಯೇ ಉಳಿದವು. ತಲೆಗೆ ಏನೂ ಆಗಿಲ್ಲ ಎಂದು ಡಾಕ್ಟರು ಬಾಯಿಬಿಟ್ಟು ಹೇಳಿ ಕಳುಹಿಸಿದ್ದರು. ಆದರೆ ಬಸ್ಸಿನ ಮೆಟ್ಟಿಲು ಹತ್ತುವುದು ಆಗದು, ಹೋದಲ್ಲಿ ಬಂದಲ್ಲಿ ಪಾಯಖಾನೆಗೆ ಕೂರುವುದು ಆಗದು. ಹಾಗಾಗಿ ಒಂದು ವರ್ಷ ಹೊಸ್ತಿಲು ದಾಟಲಿಲ್ಲ. ಕೊಂಕಲ್‌ನಲ್ಲಿರುವ ತಂಗಿಯ ಮುಖ ನೋಡದೆ ವರ್ಷವಾಯಿತು ಎಂದು ಒಂದು ದಿನ ಅತ್ತಳು. ಅಳುವ ಹೆಂಗಸಲ್ಲ ಅವಳು. ನನಗೆ ತಡೆಯಲಾಗಲಿಲ್ಲ.

ಹಾಗೆ ಬಂದದ್ದು ಈ ಗಾಡಿ. ಶಾಲೆಯೊಂದು ಕೈಬಿಟ್ಟ ಹಳೆಯ ಮಿನಿಬಸ್ಸು. ಸೀಟುಗಳನ್ನು ಕಿತ್ತು ಒಂದು ಮಂಚ ಹಾಕಿಸಿದೆ. ಮೂಲೆಯಲ್ಲಿ ಗ್ಯಾಸಿನ ಒಲೆ, ಸಣ್ಣ ಫ್ರಿಜ್ಜು, ತಲೆಯ ಮೇಲೆ ಫ್ಯಾನು, ಹಿಂದೆ ತಗಡು ಕಟ್ಟಿಸಿ ಕಮೋಡು. ಹತ್ತಲು ಕಬ್ಬಿಣದ ತಗ್ಗು ಮೆಟ್ಟಿಲು, ಹಿಡಿದುಕೊಳ್ಳಲು ಸರಳು. ಓಣಿಯವರು ಅದಕ್ಕೆ ಗಾಲಿಮನಿ ಎಂದು ಹೆಸರಿಟ್ಟರು. ಇದರಲ್ಲಿ ಮಿರ್ಚಿ ಭಜಿ ಮಾರುವ ವಿಚಾರವಿದೆಯೇ ಎಂದು ಕೇಳಿದವರೂ ಇದ್ದರು. ಇದೆ, ನಿಮಗೆ ಮಾತ್ರ ಕೊಡುವುದಿಲ್ಲ ಎಂದೆ.

ಇಂಜಿನ್ನಿಗೂ ಮನೆಗೂ ಸೇರಿ ಒಂದೇ ದೊಡ್ಡ ಬ್ಯಾಟರಿ. ಎರಡು ಹಾಕಬೇಕಿತ್ತು ಎಂದು ತಿಳಿದವರು ಎಲ್ಲ ಮುಗಿದ ಮೇಲೆ ಹೇಳಿದರು. ಗಾಡಿ ನಿಂತಾಗ ಬ್ಯಾಟರಿ ಖಾಲಿಯಾಗದಿರಲಿ ಎಂದು ಒಂದು ಕಟಾಫ್ ಸ್ವಿಚ್ ಕೂರಿಸಿದೆ. ಅದಕ್ಕೊಂದು ಕೆಂಪು ಚಾವಿ. ಚಾವಿ ಆ ಕಡೆ ತಿರುವಿದರೆ ಗಾಡಿಗೆಲ್ಲ ಕರೆಂಟು, ಈ ಕಡೆ ತಿರುವಿದರೆ ಎಲ್ಲ ಬಂದ್. ಸ್ವಿಚ್ಚನ್ನು ಮಂಚದ ಬಲಗಡೆ, ಅವಳ ಕೈಗೆ ಸಿಗುವಲ್ಲಿ ಹಾಕಿದ್ದೆ. ಇದು ನಿನ್ನ ಕೆಲಸ, ಇದು ಗಾಡಿಯ ಜೀವ ಎಂದು ಹೇಳಿಕೊಟ್ಟೆ. ಲಕ್ವಾ ಹೊಡೆದ ಮೇಲೆ ಅವಳಿಂದ ಕೆಲಸ ಕಸಿದುಕೊಂಡವರೇ ಎಲ್ಲ, ಕೊಟ್ಟವನು ನಾನೊಬ್ಬನೇ. ಅವಳ ಮುಖ ಅರಳಿದ್ದು ನನಗೆ ಚೆನ್ನಾಗಿ ನೆನಪಿದೆ.

ಮೊದಲ ಪಯಣ ಕೊಂಕಲ್‌ಗೆ. ತಂಗಿಯ ಮನೆಯ ಮುಂದೆ ಬೇವಿನ ಗಿಡದ ಕೆಳಗೆ ಗಾಡಿ ನಿಲ್ಲಿಸಿದೆವು. ಫ್ರಿಜ್ಜಿನಲ್ಲಿದ್ದ ಮೊಸರು ತಂಗಿಯ ಮನೆ ಸೇರಿತು, ಚಾವಿ ತಿರುಗಿತು. ಮೂರು ದಿನ ಅಕ್ಕತಂಗಿಯರ ಮಾತು ಮುಗಿಯಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಹೊರಡಲು ಕುಳಿತು ಸ್ಟಾರ್ಟ್ ಮಾಡಿದರೆ ಗಾಡಿ ಕೆಮ್ಮಲೂ ಇಲ್ಲ. ಹಾರ್ನ್ ಇಲ್ಲ, ದೀಪ ಇಲ್ಲ. ಬ್ಯಾಟರಿ ಪೂರ್ತಿ ಖಾಲಿ.

ಚಾವಿ ತಿರುವಿದ್ದೆಯಾ ಎಂದು ಕೇಳಿದೆ.

"ತಿರುವೀನ್ರಿ. ನನಗ ಚಲೋ ನೆನಪದ."

"ತಿರುವಿದ ಮ್ಯಾಲೆ ಒಳಗ ಏನರ ಹತ್ತಿತ್ತೇನು?"

"ಏನೂ ಇದ್ದಿಲ್ರಿ. ದೇವರ ದೀಪ ಒಂದ."

ನಾನು ಟೆಸ್ಟ್ ಬಲ್ಬು ತಂದು ಸ್ವಿಚ್ಚಿನ ಬಾಯಿಗೆ ಹಿಡಿದೆ. ಊರವರು ತಮ್ಮ ಟ್ರ್ಯಾಕ್ಟರಿನ ಬ್ಯಾಟರಿಯಿಂದ ವೈರು ಎಳೆದು ಕೊಟ್ಟಿದ್ದರು. ಚಾವಿ ಆ ಕಡೆ ಇದ್ದಾಗ ಬಲ್ಬು ಹತ್ತಿತು, ಈ ಕಡೆ ಬಂದಾಗ ಆರಿತು. ಸ್ವಿಚ್ಚು ಸರಿಯಿದೆ. ಸ್ವಿಚ್ಚು ಸರಿಯಿದ್ದ ಮೇಲೆ ಉಳಿದವರು ಯಾರು? ಅವಳ ತಂಗಿಯ ಎದುರೇ, ನೀನು ಮರೆತಿದ್ದೀ ಎಂದೆ. ಅವಳು ವಾದಿಸಿದಳು. ಆ ದಿನ ಇನ್ನೂ ವಾದಿಸುವ ಶಕ್ತಿ ಇತ್ತು.

ಅಂದಿನಿಂದ ಅವಳೊಂದು ಉಪಾಯ ಮಾಡಿದಳು. ಚಾವಿ ತಿರುವಿದ ಕೂಡಲೇ ಸೆರಗಿನ ತುದಿಗೆ ಗಂಟು ಹಾಕುವುದು. ನಮ್ಮ ಕಡೆ ಹೆಂಗಸರು ಮರೆಯಬಾರದ್ದಕ್ಕೆಲ್ಲ ಹೀಗೆ ಗಂಟು ಹಾಕಿಕೊಳ್ಳುತ್ತಾರೆ. ಎಡಗೈ ಬಾರದ್ದರಿಂದ ಸೆರಗಿನ ಒಂದು ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಬಲಗೈಯಿಂದ ಬಿಗಿಯುತ್ತಿದ್ದಳು. ಸೀರೆ ಹಾಳು ಮಾಡುತ್ತೀ ಎಂದು ಅದಕ್ಕೂ ಬೈದೆ.

ಎರಡನೆಯ ಸಲ ಭೀಮರಾಯನಗುಡಿಯಲ್ಲಿ. ಅಲ್ಲಿನ ನೀರಾವರಿ ಕ್ಯಾಂಪಿನಲ್ಲಿ ನೆಂಟರ ಮನೆಯ ನಿಶ್ಚಿತಾರ್ಥ ಮುಗಿಸಿ, ಅವರ ಒತ್ತಾಯಕ್ಕೆ ಮತ್ತೆರಡು ದಿನ ಉಳಿದೆವು. ಹೊರಡುವ ಹೊತ್ತಿಗೆ ಅದೇ ಕಥೆ. ಮದುವೆ ಗಂಡನ್ನೂ ಸೇರಿಸಿ ಎಂಟು ಜನ ಇಸ್ತ್ರಿ ಅಂಗಿಯಲ್ಲಿ ಗಾಡಿ ತಳ್ಳಿದರು. ನನಗೆ ನಾಚಿಕೆಯಿಂದ ಮೈ ಉರಿಯುತ್ತಿತ್ತು. ಅವಳು ಸೆರಗಿನ ಗಂಟನ್ನು ನನ್ನ ಮುಂದೆ ಹಿಡಿದಳು.

"ಗಂಟ ಹಾಕೂದು ನೆನಪಿರ್ತದ," ಎಂದೆ ನಾನು, "ಚಾವಿ ತಿರುವೂದು ಮರೀತದ."

ಬಹಳ ಜಾಣತನದ ಮಾತೆಂದು ಆಗ ಅನಿಸಿತ್ತು. ಅವಳು ಗಂಟನ್ನೇ ನೋಡುತ್ತ ಕುಳಿತಳು. ಮನೆ ಬಂದಾಗ, ಇರಬಹುದು, ನಾನೇ ಮರೆತಿರಬಹುದು ಎಂದಳು. ಅವಳು ಸೋತು ಒಪ್ಪಿಕೊಂಡದ್ದು ನಮ್ಮ ಸಂಸಾರದಲ್ಲಿ ಅದೇ ಮೊದಲು. ನಾನು ಗೆದ್ದೆ ಎಂದು ಹಿಗ್ಗಿದೆ. ಎಂಥ ಮೂರ್ಖ ನಾನು.

ಅಲ್ಲಿಂದ ಅವಳು ಕರಗತೊಡಗಿದಳು. ಒಲೆ ಆರಿಸಿದೆನಾ ಎಂದು ಸೊಸೆಯನ್ನು ಮೂರು ಸಲ ಕೇಳುವುದು. ಗುಳಿಗೆ ನುಂಗಿ ಐದು ನಿಮಿಷಕ್ಕೆ, ನುಂಗಿದೆನಾ ಎನ್ನುವುದು. ಲಕ್ವಾ ಹೊಡೆದ ಮೇಲೂ ಅವಳು ಅಡುಗೆ ಬಿಟ್ಟಿರಲಿಲ್ಲ. ರೊಟ್ಟಿ ಬಡಿಯಲು ಎರಡು ಕೈ ಬೇಕು, ಅದು ಸೊಸೆಗೆ ಹೋಗಿತ್ತು. ಪಲ್ಯ, ಸಾರು ಮಾತ್ರ ಸ್ಟೂಲಿನ ಮೇಲೆ ಕುಳಿತು ಒಂದೇ ಕೈಯಲ್ಲಿ ತಾನೇ ಮಾಡುತ್ತಿದ್ದಳು. ಒಂದು ದಿನ ಪುಂಡಿಪಲ್ಯಕ್ಕೆ ಎರಡು ಸಲ ಉಪ್ಪು ಬಿದ್ದಿತ್ತು. ಬಾಯಿಗಿಡಲಾಗಲಿಲ್ಲ. ಯಾರು ಹಾಕಿದ್ದೋ, ಸೊಸೆ ನಾನಲ್ಲ ಎಂದಳು, ಮಗನೂ ಅಲ್ಲ. ನಾನು ಅವಳ ಕಡೆ ನೋಡಿದೆ. ನೋಡಿದ್ದೇ ಸಾಕಾಯಿತು. ಅವಳು ಲೈಟರನ್ನೂ ಮಸಾಲೆ ಡಬ್ಬಿಯನ್ನೂ ಸೊಸೆಯ ಮುಂದೆ ಸರಿಸಿದಳು.

"ಇನ್ನ ಒಲಿ ನೀ ನೋಡ್ಕೋಳವ್ವ. ನನ್ನ ತಲಿ ಮ್ಯಾಲ ನನಗ ಭರೋಸಾ ಇಲ್ಲ."

ನನಗೆ ಸುರಪುರದಲ್ಲಿ ಕೆಲಸ ಬಂತು. ಒಬ್ಬರ ತೋಟದಲ್ಲಿ ನಾಲ್ಕು ಮೋಟರು ಒಟ್ಟಿಗೆ ಸುಟ್ಟಿದ್ದವು; ಮೂರು ದಿನದ ಕೆಲಸ. ಗಾಡಿಯಲ್ಲೇ ಹೋಗೋಣ ಬಾ ಎಂದೆ. ಅವಳು ಒಲ್ಲೆ ಎಂದಳು. ತಾನು ಬಂದರೆ ಗಾಡಿ ಕೆಡುತ್ತದೆಯಂತೆ. ನಾನೊಬ್ಬನೇ ಹೋದೆ. ಈ ಸಲ ಚಾವಿಯನ್ನು ನನ್ನ ಕೈಯಾರೆ ತಿರುವಿ, ಕಿತ್ತು, ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ಮೂರು ದಿನವೂ ಅದು ನನ್ನ ಎದೆಯ ಮೇಲೇ ಇತ್ತು. ನಾಲ್ಕನೆಯ ದಿನ ಚಾವಿ ಹಾಕಿ ತಿರುವಿದರೆ ಗಾಡಿ ಸತ್ತಿತ್ತು.

ಚಾವಿಯನ್ನು ಮತ್ತೆ ಕಿತ್ತು ಜೇಬಿಗಿಟ್ಟು ಡ್ರೈವರ್ ಸೀಟಿಗೆ ಬಂದು ಕುಳಿತೆ. ಜೇಬು ಮುಟ್ಟಿ ನೋಡಿದೆ, ಚಾವಿ ಇದೆ. ಹಿಂದೆ ಹೋಗಿ ಸ್ವಿಚ್ಚು ನೋಡಿದೆ, ಚಾವಿಯ ಕಿಂಡಿ ಖಾಲಿ ಇದೆ. ಮತ್ತೆ ಜೇಬು ಮುಟ್ಟಿದೆ. ನನ್ನ ತಲೆಗೇನಾದರೂ ಆಯಿತೇ ಎಂಬ ಭಯ ಒಂದು ಗಳಿಗೆ ಹಿಡಿಯಿತು. ಆ ಭಯದಲ್ಲಿ ಅವಳು ತಿಂಗಳಿಂದ ಬದುಕುತ್ತಿದ್ದಾಳೆ ಎಂದು ಹೊಳೆಯಬೇಕಿತ್ತು. ಹೊಳೆಯಲಿಲ್ಲ ಎಂದಲ್ಲ, ಹೊಳೆದದ್ದನ್ನು ಬದಿಗೆ ಸರಿಸಿದೆ. ಮಧ್ಯಾಹ್ನ ಅವಳ ಫೋನು ಬಂತು. ಗಾಡಿ ಶುರುವಾಯಿತೇ ಎಂದು ಕೇಳಿದಳು. ಆಗಷ್ಟೇ ಹತ್ತು ಜನ ತಳ್ಳಿ ಶುರು ಮಾಡಿದ್ದರು. ಆಯಿತು ಎಂದೆ. ನಾನಿಲ್ಲದಿದ್ದರೆ ಬರಾಬರ್ ನಡೆಯುತ್ತದೆ ನೋಡಿ ಎಂದು ಫೋನಿಟ್ಟಳು.

ಆಗಲೇ ಹೇಳಬೇಕಿತ್ತು. ಕಾರಣ ಸಿಗಲಿ, ಸಿಕ್ಕ ಮೇಲೆ ಹೇಳೋಣ ಎಂದುಕೊಂಡೆ. ಕಾರಣ ಗೊತ್ತಿಲ್ಲದೆ ತಪ್ಪೊಪ್ಪಿಕೊಳ್ಳುವುದು ನನ್ನಂಥ ಮೆಕ್ಯಾನಿಕ್ಕಿಗೆ ಮರ್ಯಾದೆಯ ಪ್ರಶ್ನೆ.

ಸುರಪುರದಲ್ಲಿ ಗಾಡಿಗಳ ವೈರಿಂಗ್ ಮಾಡುವ ಒಬ್ಬ ಹಿರಿಯರಿದ್ದಾರೆ. ಗಾಡಿಯನ್ನು ಅವರ ಮುಂದೆ ನಿಲ್ಲಿಸಿದೆ. ಅವರು ಬ್ಯಾಟರಿಯ ಒಂದು ತಂತಿ ಬಿಚ್ಚಿ, ಬ್ಯಾಟರಿಗೂ ತಂತಿಗೂ ನಡುವೆ ಟೆಸ್ಟ್ ಬಲ್ಬು ಸೇರಿಸಿದರು. ಚಾವಿ ನನ್ನ ಜೇಬಿನಲ್ಲಿದೆ, ಕರೆಂಟು ಎಲ್ಲಿಗೂ ಹೋಗಬಾರದು, ಬಲ್ಬು ಹತ್ತಬಾರದು. ಹತ್ತಿತು. ಕರೆಂಟು ಎಲ್ಲೋ ಸೋರುತ್ತಿದೆ, ಸ್ವಿಚ್ಚಿನ ಒಳಗೇ ಗಲತ್ ಇದೆ ಎಂದು ಅವರು ತೀರ್ಪು ಕೊಟ್ಟರು. ಬಿಚ್ಚಿ ನೋಡಿದರೆ ಒಳಗಿನ ತಾಮ್ರದ ಮೇಲೆ ಒಂದಿಷ್ಟು ಕಪ್ಪು. ಇಬ್ಬರೂ ತಲೆಯಾಡಿಸಿದೆವು. ಕೊಂಕಲ್‌ನಲ್ಲಿ ಇದೇ ಸ್ವಿಚ್ಚು ಸರಿಯಿದೆ ಎಂದು ನಾನೇ ಪರೀಕ್ಷೆ ಮಾಡಿದ್ದು ಆಗ ನೆನಪಾಗಲಿಲ್ಲ, ಅಥವಾ ನೆನಪಾಗದಿರುವುದೇ ಅನುಕೂಲವಾಗಿತ್ತು.

ಯಾದಗಿರಿಗೆ ಹೋಗಿ ಹೊಸ ಸ್ವಿಚ್ಚು ತಂದೆ. ಹಾಕಿದೆ. ಮೂರು ದಿನಕ್ಕೆ ಬ್ಯಾಟರಿ ಸತ್ತಿತು. ಅಂಗಡಿಯವನು ಕೆಟ್ಟ ಮಾಲು ಕೊಟ್ಟ ಎಂದು ಮತ್ತೆ ಯಾದಗಿರಿ ಬಸ್ಸು ಹತ್ತಿ, ಅವನೊಡನೆ ಜಗಳವಾಡಿ ಬದಲಿಸಿಕೊಂಡು ಬಂದೆ. ಅದೂ ಹಾಗೆಯೇ. ಮೂರು ಸ್ವಿಚ್ಚಿಗೂ ಒಂದೇ ರೋಗ ಬರುವುದು ಹೇಗೆ? ಫ್ರಿಜ್ಜಿನ ತಂತಿ ಬಿಚ್ಚಿ ಬಲ್ಬು ಸೇರಿಸಿ ನೋಡಿದೆ, ಹತ್ತಿತು. ಫ್ಯಾನಿನದು ಬಿಚ್ಚಿದೆ, ಹತ್ತಿತು. ಟ್ಯೂಬ್‌ಲೈಟು, ಹಾರ್ನು, ಇಂಡಿಕೇಟರು ಎಲ್ಲ ಬಿಚ್ಚಿ ಗಾಡಿಯನ್ನು ಹೆಚ್ಚೂಕಡಿಮೆ ಬೋಳಿಸಿದೆ. ಆದರೂ ಬಲ್ಬು ಹತ್ತಿಕೊಂಡು ನನ್ನನ್ನೇ ನೋಡುತ್ತಿತ್ತು. ಮೋಟರು ಸುಟ್ಟರೆ ವಾಸನೆ ಬರುತ್ತದೆ, ಬೇರಿಂಗ್ ಹೋದರೆ ಸದ್ದು ಬರುತ್ತದೆ. ಇಲ್ಲಿ ವಾಸನೆಯಿಲ್ಲ, ಸದ್ದಿಲ್ಲ. ಹನ್ನೆರಡು ವೋಲ್ಟಿನ ಒಂದು ಚಾವಿ ನನ್ನ ನಲವತ್ತು ವರ್ಷದ ವಿದ್ಯೆಯನ್ನು ಮಣ್ಣುಪಾಲು ಮಾಡಿತು. ಊಟದಲ್ಲಿ ಮನಸ್ಸಿರುತ್ತಿರಲಿಲ್ಲ. ಅವಳು ಬಾಗಿಲಲ್ಲಿ ಕುಳಿತು ನನ್ನ ಒದ್ದಾಟ ನೋಡುತ್ತಿದ್ದಳು. ತಾನು ಕೆಡಿಸಿದ್ದನ್ನು ಗಂಡ ರಿಪೇರಿ ಮಾಡುತ್ತಿದ್ದಾನೆ ಎಂದೇ ಅವಳ ತಿಳಿವಳಿಕೆ. ನಾನು ತಿದ್ದಲಿಲ್ಲ.

ಹೀಗಿರುವಾಗ ಅಮಾವಾಸ್ಯೆ ಬಂತು. ನಮ್ಮಲ್ಲಿ ಪ್ರತಿ ಅಮಾವಾಸ್ಯೆಗೆ ಗಾಡಿ ತೊಳೆದು, ವಿಭೂತಿ ಹಚ್ಚಿ, ಕಾಯಿ ಒಡೆಯುವುದು ರೂಢಿ. ಗಾಡಿ ಓಡುತ್ತದೋ ಇಲ್ಲವೋ, ಪೂಜೆ ನಿಲ್ಲುವುದಿಲ್ಲ. ಹಿಂದಿನ ದಿನವೇ ತಂತಿಗಳನ್ನೆಲ್ಲ ಮತ್ತೆ ಜೋಡಿಸಿ ಬ್ಯಾಟರಿ ಚಾರ್ಜ್ ಮಾಡಿಸಿ ಕೂರಿಸಿದ್ದೆ. ಮಧ್ಯಾಹ್ನದ ಬಿಸಿಲಿಗೆ ಮುಂದಿನ ಗಾಜಿಗೆ ಪರದೆ ಎಳೆದು, ಚಾವಿ ಕಿತ್ತು ಕೈಯಲ್ಲಿ ಹಿಡಿದು, ಇನ್ನೇನು ಮಾಡುವುದೆಂದು ತಿಳಿಯದೆ ಡ್ರೈವರ್ ಸೀಟಿನಲ್ಲಿ ಕುಳಿತಿದ್ದೆ. ಅವಳು ಸರಳು ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಒಳಗೆ ಬಂದಳು. ಬಲಗೈ ಸರಳಿಗೆ ಬೇಕಾದ್ದರಿಂದ ವಿಭೂತಿಯನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ಸ್ಟೇರಿಂಗಿಗೆ ಹಚ್ಚಿದಳು, ಡ್ಯಾಶ್‌ಬೋರ್ಡಿನ ಮೇಲಿದ್ದ ಶಿವನ ಪಟಕ್ಕೆ ಹಚ್ಚಲು ಕೈ ಎತ್ತಿದವಳು ಹಾಗೆಯೇ ನಿಂತಳು. ನನ್ನ ಕೈಯಲ್ಲಿದ್ದ ಚಾವಿಯನ್ನು ನೋಡಿದಳು, ಪಟವನ್ನು ನೋಡಿದಳು.

"ದೇವರ ದೀಪ ಹತ್ತಿದಂಗ ಕಾಣಾಕತ್ತದ್ರಿ," ಎಂದಳು, ಬಹಳ ಮೆಲ್ಲಗೆ. "ಖರೇನ ಹತ್ತ್ಯಾದೇನು, ಇಲ್ಲ ನನಗಷ್ಟ ಕಾಣ್ತದೋ?"

ಹತ್ತಿತ್ತು. ಪಟದ ಸುತ್ತ ನಾಲ್ಕು ಬಣ್ಣದ ಬಲ್ಬುಗಳು, ಹಳೆಯ ಕಾಲದ ಬಿಸಿಯಾಗುವ ಬಲ್ಬುಗಳು, ಉರಿಯುತ್ತಿದ್ದವು. ಗಾಡಿಯಲ್ಲಿ ಎಲ್ಲ ಬಂದಾಗಿದೆ, ಚಾವಿ ನನ್ನ ಮುಷ್ಟಿಯಲ್ಲಿದೆ, ಶಿವ ಮಾತ್ರ ಝಗಮಗಿಸುತ್ತಿದ್ದಾನೆ. ನಾನು ಅದನ್ನು ದಿನಾ ನೋಡಿದ್ದೆ. ಅವಳು ಕೊಂಕಲ್‌ನಲ್ಲೇ ಹೇಳಿದ್ದಳು. ಫ್ರಿಜ್ಜು, ಫ್ಯಾನು, ಹಾರ್ನು ಎಲ್ಲ ಎಣಿಸಿದೆ, ಅದನ್ನು ಎಣಿಸಲಿಲ್ಲ. ಅದು ದೀಪ ಎಂದೇ ನನಗೆ ಅನಿಸಿರಲಿಲ್ಲ, ದೇವರು ಎನಿಸಿತ್ತು. ಪರೀಕ್ಷೆಯ ಬಲ್ಬು ನಡುವೆ ಸೇರಿಸಿದಾಗ ಅದು ಮಂಕಾಗಿ, ಬಿಸಿಲಲ್ಲಿ ಹತ್ತಿದ್ದೇ ಕಾಣುತ್ತಿರಲಿಲ್ಲ.

ಡ್ಯಾಶ್‌ಬೋರ್ಡಿನ ತಗಡು ಕಿತ್ತು ತಂತಿ ಹಿಡಿದು ಹೊರಟೆ. ಅದು ಸ್ವಿಚ್ಚಿನ ಕಡೆ ಹೋಗಲೇ ಇಲ್ಲ. ನೆಲದಡಿಯಿಂದ ಸೀದಾ ಬ್ಯಾಟರಿಗೆ ಹೋಗಿ, ಸ್ವಿಚ್ಚಿಗಿಂತ ಮುಂಚೆಯೇ ಜೋಡಣೆಯಾಗಿತ್ತು. ಯಾರು ಮಾಡಿದ ಜಾಯಿಂಟು ಇದು ಎಂದು ಬೈಯಲು ಬಾಯಿ ತೆರೆದೆ. ಮೂರು ಸುತ್ತು, ತುದಿ ಮಡಚಿ ಒಂದು ಒತ್ತು, ಮೇಲೆ ಕಪ್ಪು ಟೇಪು ಓರೆಯಾಗಿ. ಇಡೀ ಶಹಾಪುರದಲ್ಲಿ ಹಾಗೆ ಜಾಯಿಂಟ್ ಹಾಕುವವನು ನಾನೊಬ್ಬನೇ.

ಬಜಾರಿನ ಅಂಗಡಿಗಳಿಗೆ ವೈರಿಂಗ್ ಮಾಡುವಾಗ ನಮ್ಮದೊಂದು ಪದ್ಧತಿ. ಅಂಗಡಿ ಮುಚ್ಚುವಾಗ ಮಾಲೀಕ ಮೇನ್ ಸ್ವಿಚ್ ಇಳಿಸಿ ಹೋಗುತ್ತಾನೆ. ದೇವರ ದೀಪ ಆರಬಾರದು. ಅದಕ್ಕೇ ದೇವರ ತಂತಿಯನ್ನು ಮೇನಿಗಿಂತ ಮುಂಚೆ ಕೊಡುತ್ತೇವೆ. ಯಾರೂ ಹೇಳಬೇಕಾಗಿಲ್ಲ, ಕೈ ತಾನೇ ಆ ಕಡೆ ಹೋಗುತ್ತದೆ. ಗಾಡಿ ಬಂದ ಮೊದಲ ಅಮಾವಾಸ್ಯೆಯಂದು ಪಟ ಕೂರಿಸಿದವನು ನಾನು, ತಂತಿ ಎಳೆದವನು ನಾನು. ಅಂಗಡಿಯಲ್ಲಿ ಕರೆಂಟು ಕಂಬದಿಂದ ಬರುತ್ತದೆ, ಮುಗಿಯುವುದಿಲ್ಲ. ಇಲ್ಲಿ ಬ್ಯಾಟರಿಯಿಂದ ಬರುತ್ತದೆ ಎಂದು ಕೈಗೆ ಗೊತ್ತಾಗಲಿಲ್ಲ. ಮಾಡಿದೆ, ಮರೆತೆ. ಹೆಂಡತಿಗೆ ಮರೆವು ಎಂದು ಊರೆಲ್ಲ ಸಾರಿದೆ.

ಅವಳು ಮಂಚದ ಮೇಲೆ ಕುಳಿತಿದ್ದಳು. ನನ್ನ ಕೈಗಳು ಎಣ್ಣೆ, ಧೂಳು. ಹಾಗೆಯೇ ಅವಳ ಮುಂದೆ ನೆಲದ ಮೇಲೆ ಕುಳಿತೆ.

"ನೀ ಒಮ್ಮಿನೂ ಮರ್ತಿಲ್ಲ," ಎಂದೆ. "ಮರ್ತಾಂವ ನಾ."

ತಂತಿಯ ವಿಷಯ ಹೇಳಿದೆ. ಸುರಪುರದಲ್ಲಿ ಚಾವಿ ನನ್ನ ಜೇಬಿನಲ್ಲಿದ್ದೂ ಗಾಡಿ ಸತ್ತದ್ದನ್ನೂ ಹೇಳಿದೆ. ಅವಳು ಎಲ್ಲ ಕೇಳಿದಳು. ತಂತಿಯ ಬಗ್ಗೆ ಒಂದು ಪ್ರಶ್ನೆಯಿಲ್ಲ.

"ಸುರಪುರದಾಗ ನಿಮಗ ಗೊತ್ತಾಗಿತ್ತು?"

ಹೂಂ ಎಂದೆ.

"ಅದಾಗಿ ಇಪ್ಪತ್ತ ದಿನ ಆತು. ಇಪ್ಪತ್ತ ದಿನ ನಾ ಒಲಿ ಮುಟ್ಟಿಲ್ರಿ."

ಅತ್ತಿದ್ದರೆ, ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಸೆರಗಿನ ಗಂಟು ಬಿಚ್ಚಿ, ಉಳಿದ ವಿಭೂತಿಯನ್ನು ಕಟಾಫ್ ಸ್ವಿಚ್ಚಿಗೆ ಹಚ್ಚಿದಳು. ದೇವರ ದೀಪವನ್ನೂ ಚಾವಿಗೇ ಕಟ್ಟಿಬಿಡಿ, ನಾವು ಮಲಗಿದಾಗ ಅವನೂ ಜರಾ ಮಲಗಲಿ ಎಂದಳು. ಸರಳು ಹಿಡಿದು ಇಳಿದು ಹೋದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ, ಸೊಸೆಯನ್ನು ಲೈಟರ್ ಕೇಳುವ ದನಿ ಕೇಳಿಸಿತು.

ನಾನು ತಂತಿ ಬದಲಿಸಿ, ಕೈ ತೊಳೆದು ಬರುವಷ್ಟರಲ್ಲಿ ತಾಟು ಹಾಕಿದ್ದಳು. ಬಿಳಿಜೋಳದ ರೊಟ್ಟಿ, ಪುಂಡಿಪಲ್ಯ. ಮೊದಲ ತುತ್ತಿಗೇ ನಾಲಿಗೆ ಉರಿಯಿತು. ಉಪ್ಪೆಂದರೆ ಉಪ್ಪು, ಆ ದಿನಕ್ಕಿಂತ ಹೆಚ್ಚು. ಆ ದಿನ ಎರಡು ಸಲ ಹಾಕಿದ್ದು ಯಾರೆಂದು ಇಂದಿಗೂ ನಮ್ಮ ಮನೆಯಲ್ಲಿ ಯಾರಿಗೂ ತಿಳಿಯದು. ನಾನು ತಲೆ ಎತ್ತಿ ಅವಳನ್ನು ನೋಡಿದೆ. ಮಗ, ಸೊಸೆಯ ತಾಟಿನಲ್ಲಿ ಬೇರೆ ಪಾತ್ರೆಯ ಪಲ್ಯವಿತ್ತು. ಅವಳು ಸ್ಟೂಲಿನ ಮೇಲೆ ನೆಟ್ಟಗೆ ಕುಳಿತಿದ್ದಳು.

"ಎಷ್ಟ ಉಪ್ಪ ಹಾಕೀನಿ ಅಂತ ನನಗ ಚಲೋ ನೆನಪದ," ಎಂದಳು. "ಉಣ್ರಿ."

ತಾಟು ಬಳಿದು ಉಂಡೆ.